ತಣ್ಣಗೆ ಉಂಟು, ಸೆಕೆ ಹೋಗಿಲ್ಲ: ಎಸಿ ರೂಮಿನ ತೇವವನ್ನು ಹಿಡಿತಕ್ಕೆ ತರುವುದು ಹೇಗೆ?

ಕೆಲಸದ ಮೇಲೆ ಕಲಬುರಗಿಗೆ ಹೋದ ಮೊದಲ ಬೇಸಿಗೆಯಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದ್ದೆ. ಮಂಗಳೂರಿನ ನಮ್ಮ ಮನೆಯಲ್ಲಿ ಎಸಿಯ ಡ್ರೈನ್ ಪೈಪಿನ ಕೆಳಗೆ ರಾತ್ರಿ ಬಕೆಟ್ ಇಡುವುದು ರೂಢಿ. ಬೆಳಿಗ್ಗೆ ಅದು ಹೆಚ್ಚುಕಮ್ಮಿ ತುಂಬಿರುತ್ತದೆ. ಕಲಬುರಗಿಯ ಬಾಡಿಗೆ ಮನೆಯಲ್ಲೂ ಹಾಗೇ ಇಟ್ಟೆ. ಬೆಳಿಗ್ಗೆ ನೋಡಿದರೆ ಬಕೆಟ್ ಒಣಗಿಕೊಂಡು ಕೂತಿತ್ತು. ಎರಡು ದಿನ ನೋಡಿದೆ, ಮೂರನೇ ದಿನ ಎಸಿ ಕೆಟ್ಟಿದೆ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಬಂದು, ತಣ್ಣಗೆ ಬರುತ್ತಿದ್ದ ಗಾಳಿಗೆ ಕೈ ಒಡ್ಡಿ ನೋಡಿ, ನಕ್ಕರು. "ಗಾಳ್ಯಾಗ ನೀರು ಇದ್ರಲ್ರೀ ಸರ, ಬಕೆಟ್‌ನ್ಯಾಗ ಬರೋದು?"

ಕೆಲವು ವರ್ಷ ಕಳೆದು ಊರಿಗೆ ವಾಪಸ್ ಬಂದೆ. ಒಂದು ಜೂನ್ ರಾತ್ರಿ ಅಮ್ಮ ಎಸಿ ರೂಮಿನಿಂದ ಎದ್ದು ಹೊರಗೆ ಬಂದರು. "ತಣ್ಣಗೆ ಉಂಟು ಮಗಾ, ಆದ್ರೆ ಸೆಕೆ ಹೋಗ್ಲಿಲ್ಲ." ರಿಮೋಟ್‌ನಲ್ಲಿ 22 ಇತ್ತು. ಹೊದಿಕೆ ಮುಟ್ಟಿದರೆ ತಂಡಿ ತಂಡಿ, ಒದ್ದೆಯಾದ ಹಾಗೆ.

ಮೆಕ್ಯಾನಿಕ್ ಮತ್ತು ಅಮ್ಮ, ಇಬ್ಬರೂ ಮಾತಾಡಿದ್ದು ಒಂದೇ ವಿಷಯ. ಎಸಿ ಎರಡು ಕೆಲಸ ಮಾಡುತ್ತದೆ. ಒಂದು, ಗಾಳಿಯ ಬಿಸಿ ತೆಗೆಯುವುದು. ಇನ್ನೊಂದು, ಗಾಳಿಯ ನೀರು ತೆಗೆಯುವುದು. ರಿಮೋಟ್‌ನಲ್ಲಿ ಕಾಣುವ ಅಂಕಿ ಮೊದಲನೇ ಕೆಲಸದ್ದು ಮಾತ್ರ. ಎರಡನೆಯದು ಎಷ್ಟಾಯಿತು ಎಂದು ಅದು ಹೇಳುವುದೇ ಇಲ್ಲ. ಆದರೆ ಕರಾವಳಿಯವರ ನಿದ್ದೆ ನಿಂತಿರುವುದು ಎರಡನೆಯದರ ಮೇಲೆ.

ಇದರಲ್ಲೊಂದು ತಮಾಷೆ ಇದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಅಮೆರಿಕನ್ ಇಂಜಿನಿಯರ್ ಈಗಿನ ಎಸಿಯ ಮೊದಲ ರೂಪ ತಯಾರಿಸಿದ್ದು ಮನುಷ್ಯರಿಗೆ ತಂಪು ಮಾಡಲು ಅಲ್ಲವೇ ಅಲ್ಲ. ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ತೇವಕ್ಕೆ ಕಾಗದ ಉಬ್ಬಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವವನ್ನು ಒಂದೇ ಮಟ್ಟದಲ್ಲಿ ಇಡಬೇಕಿತ್ತು. ತಂಪು ಅದರ ಜೊತೆಗೆ ಬಂದ ಕೊಸರು!

ಸೆಕೆ ಬೇರೆ, ಉರಿ ಬೇರೆ

ಸ್ವಲ್ಪ ಲೆಕ್ಕ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಹೆದರಬೇಡಿ, ಕೂಡಿ ಕಳೆಯುವಷ್ಟೇ.

ಬಿಸಿ ಗಾಳಿ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ತಂಪು ಗಾಳಿ ಕಡಿಮೆ. 24 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 22 ಗ್ರಾಂ ನೀರಾವಿ ಹಿಡಿಯಬಲ್ಲದು. 32 ಡಿಗ್ರಿಯಲ್ಲಿ ಸುಮಾರು 34 ಗ್ರಾಂ. ಹವಾಮಾನ ವರದಿಯಲ್ಲಿ "ತೇವಾಂಶ ಶೇ. 75" ಎಂದರೆ, ಆ ಹೊತ್ತಿಗೆ ಹಿಡಿಯಬಹುದಾದ ನೀರಿನಲ್ಲಿ ಮುಕ್ಕಾಲು ಭಾಗ ಗಾಳಿಯಲ್ಲಿ ಆಗಲೇ ತುಂಬಿದೆ ಎಂದರ್ಥ. ಹಾಗಾಗಿ ಈ ಶೇಕಡಾ ಅಂಕಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಬೆಳಿಗ್ಗೆ 24 ಡಿಗ್ರಿಯಲ್ಲಿ ಶೇ. 90 ಇದ್ದ ಗಾಳಿ ಮಧ್ಯಾಹ್ನ 33 ಡಿಗ್ರಿಗೆ ಏರಿದರೆ ಶೇ. 53ರ ಹತ್ತಿರ ಬರುತ್ತದೆ. ಗಾಳಿಯಿಂದ ಒಂದು ಹನಿ ನೀರೂ ಹೋಗಿರುವುದಿಲ್ಲ.

ಈಗ ಎರಡು ಊರನ್ನು ಪಕ್ಕಪಕ್ಕ ಇಡೋಣ. ಮಂಗಳೂರಿನಲ್ಲಿ 32 ಡಿಗ್ರಿ, ಶೇ. 75. ಕಲಬುರಗಿಯಲ್ಲಿ 40 ಡಿಗ್ರಿ, ಶೇ. 20. ಮಂಗಳೂರಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 25 ಗ್ರಾಂ ನೀರು. ಕಲಬುರಗಿಯಲ್ಲಿ 10 ಗ್ರಾಂ ಚಿಲ್ಲರೆ. ಕಲಬುರಗಿಯ ಗಾಳಿಯಿಂದ ನೀರನ್ನೇ ತೆಗೆಯದೆ ಬರೀ 24 ಡಿಗ್ರಿಗೆ ತಂಪು ಮಾಡಿದರೂ ಅದು ಶೇ. 50ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಾಯಾಗಿರಲು ಅದು ಹೇಳಿ ಮಾಡಿಸಿದ ಮಟ್ಟ. ಮಂಗಳೂರಿನ ಗಾಳಿಯನ್ನು ಹಾಗೇ ತಂಪು ಮಾಡಲು ಹೊರಟರೆ, 27 ಡಿಗ್ರಿ ಮುಟ್ಟುವಷ್ಟರಲ್ಲಿ ನೂರಕ್ಕೆ ನೂರು ತುಂಬಿ ನೀರು ಹನಿಯಲು ಶುರುವಾಗುತ್ತದೆ. ಹೀಗೆ ಹನಿಯಲು ಶುರುವಾಗುವ ಉಷ್ಣತೆಗೆ ಇಬ್ಬನಿ ಬಿಂದು ಎನ್ನುತ್ತಾರೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ತಂಬಿಗೆಯ ಹೊರಮೈ ಬೆವರುವುದೂ ಇದೇ ಕಾರಣಕ್ಕೆ.

ಎಸಿಯೊಳಗಿನ ಕಾಯಿಲ್, ಅಂದರೆ ತಣ್ಣನೆಯ ಕೊಳವೆಗಳ ಸುರುಳಿ, ಒಂದು ದೊಡ್ಡ ತಣ್ಣನೆಯ ತಂಬಿಗೆ ಇದ್ದ ಹಾಗೆ. ಅದರ ಮೈ ಸಾಮಾನ್ಯವಾಗಿ 8ರಿಂದ 14 ಡಿಗ್ರಿಯಷ್ಟು ತಣ್ಣಗಿರುತ್ತದೆ. ರೂಮಿನ ಗಾಳಿ ಅದನ್ನು ಸವರಿಕೊಂಡು ಹೋಗುವಾಗ ನೀರು ಅಲ್ಲೇ ಇಳಿಯುತ್ತದೆ, ತಟ್ಟೆಗೆ ಸೇರಿ, ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕಲಬುರಗಿಯ ಆ ಗಾಳಿಯ ಇಬ್ಬನಿ ಬಿಂದುವೇ 13ರ ಹತ್ತಿರ. ಹಾಗಾಗಿ ಕಾಯಿಲ್ ಮೇಲೆ ನೀರು ಇಳಿಯುವುದೇ ಅಪರೂಪ. ನನ್ನ ಬಕೆಟ್ ಒಣಗಿದ್ದು ಅದಕ್ಕೇ.

ಮೈಗೆ ಏನಾಗುತ್ತದೆ? ನಮ್ಮ ಮೈ ಬೆವರಿ ತಂಪಾಗುತ್ತದೆ ಎನ್ನುತ್ತೇವೆ. ಸರಿಯಾಗಿ ಹೇಳಬೇಕೆಂದರೆ, ಬೆವರು ಆರಿದಾಗ ತಂಪಾಗುತ್ತದೆ. ಗಾಳಿಯಲ್ಲಿ ಜಾಗವಿದ್ದರೆ ಬೆವರು ಬೇಗ ಆರುತ್ತದೆ. ಗಾಳಿ ತುಂಬಿದ್ದರೆ ಅದು ಮೈಮೇಲೇ ಕೂತು ಅಂಟುತ್ತದೆ. ಕಲಬುರಗಿಯ 40 ಡಿಗ್ರಿ ಉರಿ, ಮಂಗಳೂರಿನ 32 ಡಿಗ್ರಿ ಸೆಕೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಒಂದು ಮೀಟರ್ ತನ್ನಿ

ಹೊಸ ಎಸಿ, ಹೊಸ ಫಿಲ್ಟರ್, ಹೊಸ ಪರದೆ ಅಂತ ಖರ್ಚು ಮಾಡುವ ಮೊದಲು ಒಂದು ಹೈಗ್ರೋಮೀಟರ್ ತೆಗೆದುಕೊಳ್ಳಿ. ಗಡಿಯಾರದ ಥರ ಇರುವ ಪುಟ್ಟ ಡಿಜಿಟಲ್ ಮೀಟರ್. ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಡಿಗ್ರಿ ಮತ್ತು ಶೇಕಡಾ ತೇವ ಎರಡನ್ನೂ ತೋರಿಸುತ್ತದೆ.

ಅಗ್ಗದ ಮೀಟರ್ ಸ್ವಲ್ಪ ಸುಳ್ಳು ಹೇಳುತ್ತದೆ. ಎಷ್ಟು ಸುಳ್ಳು ಎಂದು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರ್‌ನಲ್ಲಿಟ್ಟು ಬಿಗಿಯಾಗಿ ಮುಚ್ಚಿ. ಉಪ್ಪು ಮೀಟರ್‌ಗೆ ತಾಗದಂತೆ ನೋಡಿಕೊಳ್ಳಿ. ಹತ್ತು ಹನ್ನೆರಡು ಗಂಟೆ ಅಲುಗಾಡಿಸದೆ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 80 ತೋರಿಸಿದರೆ ಇನ್ನು ಮುಂದೆ ಐದು ಕಳೆದು ಓದಿ. 70 ತೋರಿಸಿದರೆ ಐದು ಕೂಡಿಸಿ. ನನ್ನದು ಆರು ಜಾಸ್ತಿ ತೋರಿಸುತ್ತಿತ್ತು. ಹಿಂದೆ ಒಂದು ಚೀಟಿ ಅಂಟಿಸಿಟ್ಟಿದ್ದೇನೆ.

ಮೀಟರನ್ನು ಎಸಿಯ ಎದುರಿಗೆ ಇಡಬೇಡಿ. ಅಲ್ಲಿ ಬರುವ ಗಾಳಿ ಆಗ ತಾನೇ ತಣ್ಣಗಾದದ್ದು, ತೇವದ ಅಂಕಿ ಜಾಸ್ತಿ ಕಾಣುತ್ತದೆ. ಮಲಗುವ ಜಾಗದ ಹತ್ತಿರ, ದಿಂಬಿನ ಎತ್ತರದಲ್ಲಿಡಿ. ಮೂರು ಸಲ ಬರೆದುಕೊಳ್ಳಿ: ಎಸಿ ಹಾಕುವ ಮೊದಲು, ಹಾಕಿ ಒಂದು ಗಂಟೆಯಾದ ಮೇಲೆ, ಬೆಳಿಗ್ಗೆ ಆರಿಸುವ ಮುಂಚೆ. ಮೂರ್ನಾಲ್ಕು ದಿನ ಸಾಕು.

ಎಷ್ಟಿರಬೇಕು? ಶೇ. 40ರಿಂದ 60ರ ಒಳಗಿದ್ದರೆ ಚಿಂತೆಯಿಲ್ಲ. 60 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. ಹಾಸಿಗೆ ಧೂಳಿನಲ್ಲಿರುವ, ಕಣ್ಣಿಗೆ ಕಾಣದ ಹುಳಗಳಿಗೂ ತೇವ ಇಷ್ಟ. ಸೀನು, ಉಬ್ಬಸ ಇರುವವರಿಗೆ ಇದು ತೊಂದರೆ. 30ಕ್ಕಿಂತ ಕೆಳಗಿಳಿದರೆ ಗಂಟಲು, ಕಣ್ಣು, ತುಟಿ ಒಣಗುತ್ತವೆ. ಕರಾವಳಿಯಲ್ಲಿ 50 ಮುಟ್ಟಲೇಬೇಕು ಎಂದು ಹಟ ಹಿಡಿಯಬೇಡಿ. ರಾತ್ರಿಯಿಡೀ 55ರಿಂದ 60ರಲ್ಲಿ ನಿಂತರೆ ನಿಮ್ಮ ಎಸಿಗೆ ಒಂದು ನಮಸ್ಕಾರ ಹಾಕಬಹುದು.

ನೀರು ಒಳಗೆ ಬರುವ ದಾರಿ ಮುಚ್ಚಿ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಹತ್ತು ಅಡಿಗೆ ಹನ್ನೆರಡು ಅಡಿಯ ಬೆಡ್‌ರೂಮು, ಹತ್ತು ಅಡಿ ಎತ್ತರ ಎಂದಿಟ್ಟುಕೊಳ್ಳಿ. ಒಳಗಿರುವುದು ಸುಮಾರು 34 ಘನ ಮೀಟರ್ ಗಾಳಿ. ಮಂಗಳೂರಿನ ಆ 32 ಡಿಗ್ರಿ ಗಾಳಿಯಲ್ಲಿ ಒಟ್ಟು ನೀರು 860 ಗ್ರಾಂ ಆಗುತ್ತದೆ. 24 ಡಿಗ್ರಿ, ಶೇ. 55ಕ್ಕೆ ಇಳಿಸಿದ ಮೇಲೆ ಉಳಿಯುವುದು ಸುಮಾರು 410 ಗ್ರಾಂ. ಅಂದರೆ ಎಸಿ ತೆಗೆಯಬೇಕಾದದ್ದು ಅರ್ಧ ಲೀಟರ್‌ಗಿಂತ ಕಡಿಮೆ ನೀರು! ಮತ್ತೆ ಬೆಳಿಗ್ಗೆ ಬಕೆಟ್‌ನಲ್ಲಿ ಎಂಟು ಹತ್ತು ಲೀಟರ್ ಹೇಗೆ ಬಂತು?

ಹೊರಗಿನಿಂದ. ಬಾಗಿಲ ಕೆಳಗಿನ ಸಂದಿ, ಸರಿಯಾಗಿ ಕೂರದ ಕಿಟಕಿ, ಬಾತ್‌ರೂಮಿನ ವೆಂಟಿಲೇಟರ್, ಎಸಿ ಪೈಪಿಗೆಂದು ಗೋಡೆಗೆ ಕೊರೆದು ಹಾಗೇ ಬಿಟ್ಟ ತೂತು. ರಾತ್ರಿಯಿಡೀ ಹೊರಗಿನ ತೇವದ ಗಾಳಿ ಒಳಗೆ ಬರುತ್ತಲೇ ಇರುತ್ತದೆ, ಎಸಿ ಅದನ್ನು ಹಿಂಡುತ್ತಲೇ ಇರುತ್ತದೆ. ತೂತಾದ ದೋಣಿಯಿಂದ ನೀರು ಎತ್ತಿ ಹಾಕಿದ ಹಾಗೆ.

ಅದಕ್ಕೇ ಮೊದಲು ಸಂದಿಗಳನ್ನು ಹುಡುಕಿ. ರಾತ್ರಿ ರೂಮಿನ ದೀಪ ಆರಿಸಿ, ಹಾಲ್‌ನ ದೀಪ ಹಾಕಿ ನೋಡಿ. ಬೆಳಕು ಬರುವಲ್ಲಿ ಗಾಳಿಯೂ ಬರುತ್ತದೆ. ಬಾಗಿಲ ಕೆಳಗೆ ಅಂಟಿಸುವ ರಬ್ಬರ್ ಪಟ್ಟಿ, ಕಿಟಕಿಗೆ ಫೋಮ್ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಪೈಪಿನ ತೂತಿಗೆ ಪುಟ್ಟಿ ಮೆತ್ತಿಸಿ. ಬಾತ್‌ರೂಮಿನ ಬಾಗಿಲು ಮುಚ್ಚಿಡಿ, ವಿಶೇಷವಾಗಿ ಸ್ನಾನದ ಮೇಲೆ.

ಎಸಿ ರೂಮಿನಲ್ಲಿ ಬಟ್ಟೆ ಒಣಗಿಸುವವರಿಗೆ ಒಂದು ಮಾತು. ನಾವೂ ಮಾಡುತ್ತಿದ್ದೆವು, ಮಳೆಗಾಲದಲ್ಲಿ ಬೇರೆ ದಾರಿ ಎಲ್ಲಿದೆ? ಆದರೆ ವಾಷಿಂಗ್ ಮೆಷಿನ್‌ನಿಂದ ತೆಗೆದ ಒಂದು ಸಲದ ಬಟ್ಟೆಯಲ್ಲಿ ಎರಡು ಮೂರು ಲೀಟರ್ ನೀರಿರುತ್ತದೆ. ರೂಮಿನ ಗಾಳಿಯ ಒಟ್ಟು ನೀರಿಗಿಂತ ಅದೇ ಜಾಸ್ತಿ. ಒಣಗಿಸಲೇಬೇಕಾದರೆ ಹಗಲು ಒಣಗಿಸಿ, ಮಲಗುವ ಹೊತ್ತಿಗೆ ತೆಗೆದುಬಿಡಿ. ನಮ್ಮ ಉಸಿರು, ಬೆವರಿನಿಂದಲೂ ನೀರು ಬರುತ್ತದೆ. ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರ್ ದಾಟುತ್ತದೆ. ಅದನ್ನು ನಿಲ್ಲಿಸಲು ಆಗುವುದಿಲ್ಲ ಬಿಡಿ.

ಹಾಗಂತ ರೂಮನ್ನು ಡಬ್ಬಿಯ ಹಾಗೆ ಮುಚ್ಚಿಟ್ಟು ವಾರಗಟ್ಟಲೆ ಇರಬೇಡಿ. ಸ್ಪ್ಲಿಟ್ ಎಸಿ ಹೊರಗಿನ ಹೊಸ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಮೂರ್ನಾಲ್ಕು ಜನ ಮಲಗುವ ರೂಮಾದರೆ ಬೆಳಿಗ್ಗೆ ತಲೆ ಭಾರ ಅನ್ನಿಸಬಹುದು. ಅಂಥ ರೂಮಿನ ಒಳಬಾಗಿಲು ಬೆರಳಿನಷ್ಟು ತೆರೆದಿಡಿ. ಬೆಳಿಗ್ಗೆ ಎಸಿ ಆರಿಸಿ, ಅರ್ಧ ಗಂಟೆ ಬಿಟ್ಟು ಕಿಟಕಿ ತೆರೆಯಿರಿ.

ಹಂಚಿನ ಮನೆಯವರಿಗೆ ನೇರವಾಗಿ ಹೇಳುತ್ತೇನೆ: ಹಂಚಿನ ಕೆಳಗೆ ಸೀಲಿಂಗ್ ಹೊಡೆಸದೆ ಎಸಿ ಹಾಕಿಸಬೇಡಿ. ಹಂಚಿನ ಸಂದಿಯಲ್ಲಿ ಊರಿನ ಗಾಳಿಯೆಲ್ಲ ಒಳಗೆ ಬರುತ್ತದೆ.

ರಿಮೋಟ್‌ನಲ್ಲಿ ಏನು ಒತ್ತಬೇಕು

ಸೆಕೆಯಾದರೆ ನಮ್ಮ ಕೈ ಮೊದಲು ಹೋಗುವುದು 18ಕ್ಕೆ. ಮಾಮೂಲಿ (ಇನ್ವರ್ಟರ್ ಅಲ್ಲದ) ಎಸಿಯಲ್ಲಿ 18 ಒತ್ತಿದರೆ ರೂಮು ಬೇಗ ತಣ್ಣಗಾಗುವುದಿಲ್ಲ. ತಂಪು ಮಾಡುವ ಯಂತ್ರ, ಅಂದರೆ ಕಂಪ್ರೆಸರ್, ನಿಲ್ಲುವುದು ತಡವಾಗುತ್ತದೆ, ಅಷ್ಟೇ. ಇನ್ನೊಂದು ಪೇಚೂ ಇದೆ. ಬಿಸಿ ಇಳಿದಷ್ಟು ಬೇಗ ನೀರು ಇಳಿಯದಿದ್ದರೆ ತೇವದ ಅಂಕಿ ಏರುತ್ತದೆ. 24 ಡಿಗ್ರಿಯಲ್ಲಿ ಶೇ. 55 ಇದ್ದ ಅದೇ ಗಾಳಿ 20ಕ್ಕೆ ಇಳಿದರೆ ಶೇ. 70 ಆಗುತ್ತದೆ. ಚಳಿಯೂ ಆಗುತ್ತದೆ, ಹೊದಿಕೆಯೂ ತಂಡಿಯಾಗುತ್ತದೆ. ಅಮ್ಮ ಹೇಳಿದ್ದು ಇದನ್ನೇ.

ನಾನು ಈಗ ಮಾಡುವುದು ಹೀಗೆ. ಮಲಗುವ ಅರ್ಧ ಗಂಟೆ ಮೊದಲು ಕೂಲ್ ಮೋಡ್, 24 ಡಿಗ್ರಿ, ಎಸಿಯ ಫ್ಯಾನ್ ಜೋರು. ರೂಮು ತಣ್ಣಗಾದ ಮೇಲೆ ಫ್ಯಾನನ್ನು ಕಡಿಮೆಗೆ ಇಳಿಸುತ್ತೇನೆ. ಈ ಎರಡನೇ ಹೆಜ್ಜೆಯಲ್ಲೇ ಗುಟ್ಟು ಇರುವುದು. ಗಾಳಿ ನಿಧಾನವಾಗಿ ಹರಿದರೆ ಕಾಯಿಲ್ ಹೆಚ್ಚು ತಣ್ಣಗಾಗುತ್ತದೆ, ಗಾಳಿ ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ನೀರು ಚೆನ್ನಾಗಿ ಇಳಿಯುತ್ತದೆ. ಜೋರು ಫ್ಯಾನ್ ಬಿಸಿ ತೆಗೆಯಲು ಒಳ್ಳೆಯದು, ಕಡಿಮೆ ಫ್ಯಾನ್ ನೀರು ತೆಗೆಯಲು. ಜೊತೆಗೆ ಸೀಲಿಂಗ್ ಫ್ಯಾನ್ ಒಂದು ಅಥವಾ ಎರಡರಲ್ಲಿ. ಮೈಮೇಲೆ ಗಾಳಿ ಆಡಿದರೆ ಎರಡು ಮೂರು ಡಿಗ್ರಿ ಕಡಿಮೆ ಇದ್ದ ಹಾಗೆ ಅನ್ನಿಸುತ್ತದೆ. ಆಮೇಲೆ ಎಸಿಯನ್ನು 25 ಅಥವಾ 26ಕ್ಕೆ ಏರಿಸಬಹುದು.

24 ಎನ್ನುವುದು ನನ್ನ ಕಲ್ಪನೆಯ ಅಂಕಿಯಲ್ಲ. 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ರೂಮ್ ಎಸಿಗಳೆಲ್ಲ ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಎಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುವುದು ಸ್ಟಾರ್ ಗುರುತು ಕೊಡುವ ಕೇಂದ್ರದ ಸಂಸ್ಥೆ ಬಿಇಇಯ ಲೆಕ್ಕ.

ಮಾಮೂಲಿ ಎಸಿ ಇರುವವರು ಇನ್ನೊಂದು ನೋಡಿಕೊಳ್ಳಿ. ರೂಮು ತಣ್ಣಗಾದಾಗ ಕಂಪ್ರೆಸರ್ ನಿಲ್ಲುತ್ತದೆ, ಆದರೆ ಒಳಗಿನ ಫ್ಯಾನ್ ತಿರುಗುತ್ತಲೇ ಇರುತ್ತದೆ. ಆಗ ಕಾಯಿಲ್ ಮೇಲೆ ಕೂತಿದ್ದ ನೀರೆಲ್ಲ ಆರಿ ಮತ್ತೆ ರೂಮಿಗೇ ಬರುತ್ತದೆ. ಹಿಂಡಿದ್ದನ್ನು ವಾಪಸ್ ಸುರಿದ ಹಾಗೆ. ಸಣ್ಣ ರೂಮಿಗೆ ದೊಡ್ಡ ಎಸಿ ಹಾಕಿಸಿದವರಿಗೆ ಈ ಕಾಟ ಜಾಸ್ತಿ. ಹತ್ತು ನಿಮಿಷದಲ್ಲಿ ರೂಮು ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತದೆ. ನೀರು ತೆಗೆಯಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. "ಒಂದೂವರೆ ಟನ್ನೇ ಇರಲಿ ಸಾರ್, ಸೇಫ್" ಎಂದು ಅಂಗಡಿಯಲ್ಲಿ ಹೇಳುವ ಮಾತಿಗೆ ಕರಾವಳಿಯವರು ತಕ್ಷಣ ಹೂಂ ಅನ್ನಬಾರದು. ಮೇಲೆ ಇನ್ನೊಂದು ಮನೆಯಿರುವ, ಬಿಸಿಲು ಬೀಳದ ಹತ್ತು ಹನ್ನೆರಡು ಅಡಿ ರೂಮಿಗೆ ಒಂದು ಟನ್ ಸಾಕಾಗುತ್ತದೆ. ತಲೆ ಮೇಲೆ ಬಿಸಿಲು ಕುಡಿದ ತಾರಸಿ ಇದ್ದರೆ ಮಾತು ಬೇರೆ.

ಇನ್ವರ್ಟರ್ ಎಸಿ ನಿಂತು ನಿಂತು ಓಡುವುದಿಲ್ಲ, ನಿಧಾನಕ್ಕೆ ಓಡುತ್ತಲೇ ಇರುತ್ತದೆ. ಹಾಗಾಗಿ ಸ್ವಲ್ಪ ಮೇಲು. ಆದರೆ ತೀರಾ ನಿಧಾನವಾದಾಗ ಅದರ ಕಾಯಿಲ್ ಅಷ್ಟೇನೂ ತಣ್ಣಗಿರುವುದಿಲ್ಲ. ಫ್ಯಾನ್ ಜೋರಿನಲ್ಲಿದ್ದರೆ ಅದೂ ಅಂಟಂಟು ಗಾಳಿಯನ್ನೇ ಕೊಡುತ್ತದೆ. ಇಲ್ಲಿಯೂ ಮದ್ದು ಅದೇ: ಫ್ಯಾನ್ ಇಳಿಸಿ.

ಜೂನ್ ಬಂತು: ನೀರಿನ ಹನಿಯ ಗುರುತು

ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ಬಿಸಿ ಇರುತ್ತದೆ. ಎಸಿ ಸತತವಾಗಿ ಓಡುತ್ತದೆ, ಓಡಿದಷ್ಟೂ ನೀರು ತೆಗೆಯುತ್ತದೆ. ನಿಜವಾದ ಕಷ್ಟ ಮಳೆ ಶುರುವಾದ ಮೇಲೆ. ಹೊರಗೆ 26 ಡಿಗ್ರಿ, ಶೇ. 90. ನೀವು 25ಕ್ಕೆ ಇಟ್ಟರೆ ಎಸಿಗೆ ಕೆಲಸವೇ ಇಲ್ಲ. ಐದು ನಿಮಿಷ ಓಡಿ ಮಲಗುತ್ತದೆ. ರೂಮು ಮಾತ್ರ ಹಸಿ ಹಸಿ. ಡಬ್ಬಿ ತೆರೆದ ಹಪ್ಪಳ ಹತ್ತು ನಿಮಿಷದಲ್ಲಿ ಮೆತ್ತಗಾಗುವ ದಿನಗಳು ಗೊತ್ತಲ್ವಾ? ಅವೇ.

ಡ್ರೈ ಮೋಡ್ ಇರುವುದು ಈ ದಿನಗಳಿಗೆ. ರಿಮೋಟ್‌ನಲ್ಲಿ ನೀರಿನ ಹನಿಯ ಚಿತ್ರ ಇರುತ್ತದೆ. ಫ್ಯಾನ್ ತನ್ನಷ್ಟಕ್ಕೇ ನಿಧಾನವಾಗುತ್ತದೆ, ಕಂಪ್ರೆಸರ್ ಬಿಟ್ಟು ಬಿಟ್ಟು ಓಡುತ್ತದೆ. ರೂಮು ಹೆಚ್ಚು ತಣ್ಣಗಾಗದೆ ನೀರು ಇಳಿಯುತ್ತದೆ. ಕೆಲವು ಎಸಿಗಳಲ್ಲಿ ಈ ಮೋಡ್‌ನಲ್ಲಿ ಡಿಗ್ರಿ ಬದಲಿಸಲು ಬಿಡುವುದಿಲ್ಲ. ಅದು ಕೆಟ್ಟಿದ್ದಲ್ಲ. ಸಂಜೆ ಒಂದೆರಡು ಗಂಟೆ ಡ್ರೈ ಮೋಡ್ ಹಾಕಿ ಮೀಟರ್ ನೋಡಿ. 60ರ ಹತ್ತಿರ ಬಂದರೆ ಆರಿಸಿ, ಫ್ಯಾನ್ ಹಾಕಿ ಮಲಗಿ.

ಬೇಸಿಗೆಯ 34 ಡಿಗ್ರಿಯಲ್ಲಿ ಡ್ರೈ ಮೋಡ್ ಹಾಕಿ "ತಂಪೇ ಆಗ್ತಿಲ್ಲ" ಎಂದು ಬೈಯುವವರಿದ್ದಾರೆ. ಆ ಬಿಸಿಲಿಗೆ ಅದು ಸಾಲುವುದಿಲ್ಲ. ಆಗ ಕೂಲ್ ಮೋಡೇ ಹೆಚ್ಚು ನೀರನ್ನೂ ತೆಗೆಯುತ್ತದೆ.

ಡ್ರೈ ಮೋಡ್‌ನಿಂದಲೂ ಆಗದಿದ್ದರೆ, ಪುಸ್ತಕ, ಕ್ಯಾಮೆರಾ, ರೇಷ್ಮೆ ಸೀರೆಗಳ ಚಿಂತೆ ಇದ್ದರೆ, ಡಿಹ್ಯೂಮಿಡಿಫೈಯರ್ ಎಂಬ ಬೇರೆ ಯಂತ್ರವೇ ಇದೆ. ಅದು ನೀರು ತೆಗೆಯುತ್ತದೆ, ಆದರೆ ರೂಮನ್ನು ತುಸು ಬಿಸಿ ಮಾಡುತ್ತದೆ. ಅದರ ಕಂಪ್ರೆಸರಿನ ಬಿಸಿ ಹೊರಗೆ ಹೋಗದೆ ಒಳಗೇ ಉಳಿಯುವುದರಿಂದ ಹಾಗೆ. ಮಳೆಗಾಲದಲ್ಲಿ ಅದೇನೂ ತೊಂದರೆಯಲ್ಲ. ಮೇ ತಿಂಗಳಲ್ಲಿ ಹಾಕಿಕೊಂಡು ಮಲಗುವ ವಸ್ತು ಮಾತ್ರ ಅದಲ್ಲ.

ಒಣ ಊರಿನವರಿಗೆ

ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದವರು ಮೇಲಿನ ಅರ್ಧ ಲೇಖನವನ್ನು ತಿರುಗಿಸಿ ಓದಿಕೊಳ್ಳಬೇಕು. ನಿಮಗೆ ಬೇಸಿಗೆಯಲ್ಲಿ ಕೂಲರ್ ನಿಜಕ್ಕೂ ಕೆಲಸ ಮಾಡುತ್ತದೆ. 40 ಡಿಗ್ರಿ, ಶೇ. 20ರ ಗಾಳಿಯನ್ನು ಒದ್ದೆ ಹುಲ್ಲಿನ ಪ್ಯಾಡ್ ಮೂಲಕ ಎಳೆದರೆ ಲೆಕ್ಕದಲ್ಲಿ 23ರ ತನಕ ಇಳಿಯಬಹುದು. ನಿಜದಲ್ಲಿ 26, 27ರ ಗಾಳಿ ಬರುತ್ತದೆ. ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ತೇವ ಒಳಗೇ ಕಟ್ಟಿಕೊಳ್ಳುತ್ತದೆ. ಮಂಗಳೂರಿನ 32 ಡಿಗ್ರಿಯಲ್ಲಿ ಅದೇ ಕೂಲರ್ ಎಷ್ಟೇ ತಿಣುಕಿದರೂ 28ಕ್ಕಿಂತ ಕೆಳಗೆ ಹೋಗಲಾರದು, ಮೇಲಿಂದ ಸೆಕೆಯನ್ನೂ ಜಾಸ್ತಿ ಮಾಡುತ್ತದೆ. ಕರಾವಳಿಯಲ್ಲಿ ಕೂಲರ್ ಕೊಂಡವರೆಲ್ಲ ಎರಡನೇ ವರ್ಷ ಅದನ್ನು ಅಟ್ಟಕ್ಕೆ ಹಾಕಿರುತ್ತಾರೆ. ಎಸಿ ಮತ್ತು ಕೂಲರ್ ಎರಡನ್ನೂ ಒಂದೇ ರೂಮಿನಲ್ಲಿ ಹಾಕುವುದಂತೂ ಬೇಡ. ಒಂದು ನೀರು ತುಂಬುತ್ತದೆ, ಇನ್ನೊಂದು ಅದನ್ನೇ ಕರೆಂಟ್ ಖರ್ಚು ಮಾಡಿ ಹಿಂಡುತ್ತದೆ.

ಒಣ ಊರಿನಲ್ಲಿ ಎಸಿ ಹಾಕುವವರು ಫ್ಯಾನ್ ಜೋರಿಟ್ಟುಕೊಳ್ಳಿ. ಕಾಯಿಲ್ ಅಷ್ಟು ತಣ್ಣಗಾಗುವುದಿಲ್ಲ, ಇರುವ ಸ್ವಲ್ಪ ತೇವ ಉಳಿಯುತ್ತದೆ. ಡ್ರೈ ಮೋಡ್ ಮುಟ್ಟಬೇಡಿ. ಗಂಟಲು ಒಣಗಿದರೆ ಬಟ್ಟಲಲ್ಲಿ ನೀರಿಡುವ ರೂಢಿಯಿದೆ. ಅದರಿಂದ ಹೆಚ್ಚೇನೂ ಆಗುವುದಿಲ್ಲ, ಸಣ್ಣ ಬಟ್ಟಲಿನಿಂದ ಗಂಟೆಗೆ ಕೆಲವೇ ಗ್ರಾಂ ನೀರು ಆರುತ್ತದೆ. ದೊಡ್ಡ ಟವೆಲ್ ಒಂದನ್ನು ನೆನೆಸಿ, ಹಿಂಡಿ, ಕುರ್ಚಿಯ ಮೇಲೆ ಹರವಿ ನೋಡಿ. ಮೀಟರ್ ಏರುವುದು ಕಾಣುತ್ತದೆ.

ಬೆಂಗಳೂರಿನ ಆಫೀಸಿನವರ ಕಥೆ ಇದೇ ಜಾತಿಯದು. ಫೆಬ್ರವರಿ, ಮಾರ್ಚ್‌ನಲ್ಲಿ ಹೊರಗಿನ ಗಾಳಿಯೇ ಒಣಗಿರುತ್ತದೆ. ಅಂಥ ದಿನ ನೇರವಾಗಿ ಎಸಿ ಗಾಳಿ ಮುಖಕ್ಕೆ ಬಡಿಯುವ ಸೀಟಿನಲ್ಲಿ ಎಂಟು ಗಂಟೆ ಕೂತರೆ ಕಣ್ಣು ಉರಿಯದೆ ಇರುತ್ತದಾ? ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಸೀಟು ಬದಲಿಸಿಕೊಳ್ಳಿ, ಆಮೇಲೆ ಕಣ್ಣಿನ ಡಾಕ್ಟರು.

ಗೋಡೆಯ ಆಚೆ ಬದಿ

ಒಂದು ಮಳೆಗಾಲದಲ್ಲಿ ನಮ್ಮ ಬೆಡ್‌ರೂಮಿನ ಪಕ್ಕದ ರೂಮಿನ ಕಪಾಟಿನಲ್ಲಿ ಬಟ್ಟೆಗೆಲ್ಲ ಬೂಷ್ಟು ಹಿಡಿಯಿತು. ಗೋಡೆಯಲ್ಲಿ ಪೈಪ್ ಸೋರುತ್ತಿದೆ ಎಂದು ಪ್ಲಂಬರ್‌ನನ್ನು ಕರೆಸಿ ಎರಡು ಕಡೆ ಟೈಲ್ಸ್ ಒಡೆಸಿಯೂ ಆಯಿತು. ಪೈಪಿಗೆ ಏನೂ ಆಗಿರಲಿಲ್ಲ. ಆ ಕಪಾಟು ಎಸಿ ರೂಮಿನ ಗೋಡೆಗೆ ಒರಗಿತ್ತು. ಈ ಕಡೆ ನಾವು 20ರಲ್ಲಿ ಮಲಗುತ್ತಿದ್ದೆವು. ಆ ಕಡೆ 25ರ ಇಬ್ಬನಿ ಬಿಂದುವಿನ ಗಾಳಿ. ರಾತ್ರಿಯಿಡೀ ತಣ್ಣಗಾದ ಗೋಡೆಯ ಆಚೆ ಬದಿ ಫ್ರಿಜ್ಜಿನ ತಂಬಿಗೆಯ ಹಾಗೆ ಬೆವರುತ್ತಿತ್ತು.

ಹಾಗಾಗಿ ಕರಾವಳಿಯಲ್ಲಿ 24ಕ್ಕಿಂತ ಕೆಳಗೆ ಹೋಗದಿರಲು ಕರೆಂಟ್ ಬಿಲ್ ಒಂದೇ ಕಾರಣವಲ್ಲ. ಎಸಿ ರೂಮಿನ ಗೋಡೆಗೆ ಆಚೆಯಿಂದ ಕಪಾಟು ಒರಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಕಿಟಕಿ ಗಾಜಿನ ಹೊರಮೈ ಬೆಳಿಗ್ಗೆ ಮಂಜಾಗಿದ್ದರೆ ರೂಮು ಬೇಕಾದ್ದಕ್ಕಿಂತ ತಣ್ಣಗಿದೆ ಎಂದು ತಿಳಿಯಿರಿ. ಬೆಳಿಗ್ಗೆ ಎಸಿ ಆರಿಸಿ ಒಮ್ಮೆಗೇ ಕಿಟಕಿ ತೆರೆದರೆ ತಣ್ಣಗಿನ ಕನ್ನಡಿ, ನೆಲ, ಲ್ಯಾಪ್‌ಟಾಪ್ ಮೇಲೆ ತೇವ ಕೂರುತ್ತದೆ. ಮೊದಲು ಅರ್ಧ ಗಂಟೆ ಸುಮ್ನೆ ಬಿಡಿ. ಕ್ಯಾಮೆರಾವನ್ನು ಎಸಿ ರೂಮಿನಿಂದ ಹೊರಗೆ ಒಯ್ಯುವಾಗ ಬ್ಯಾಗಿನಲ್ಲಿ ಮುಚ್ಚಿಯೇ ಒಯ್ದು, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ.

ಎಸಿಯ ಮೈ ನೋಡಿಕೊಳ್ಳುವುದು

ಫಿಲ್ಟರ್ ಎರಡು ವಾರಕ್ಕೊಮ್ಮೆ ನಲ್ಲಿ ಕೆಳಗೆ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಒಳಗಿನ ಯೂನಿಟ್‌ನಿಂದ ಗೋಡೆ ಮೇಲೆ ನೀರು ಇಳಿದರೆ ಹೆಚ್ಚಿನ ಸಲ ಡ್ರೈನ್ ಪೈಪಿನಲ್ಲಿ ಪಾಚಿ ಕಟ್ಟಿರುತ್ತದೆ, ಅಥವಾ ಪೈಪ್ ಎಲ್ಲೋ ಮೇಲಕ್ಕೆ ಬಾಗಿರುತ್ತದೆ. ಕಾಯಿಲ್ ಮೇಲೆ ಐಸ್ ಕಟ್ಟಿದರೆ ಆರಿಸಿ. ಫಿಲ್ಟರ್ ತೊಳೆದ ಮೇಲೂ ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರಬಹುದು, ಮೆಕ್ಯಾನಿಕ್ ನೋಡಲಿ. ಬರೀ ಗ್ಯಾಸ್ ತುಂಬಿಸಿ ಕಳಿಸಬೇಡಿ, ಎಲ್ಲಿ ಸೋರುತ್ತಿದೆ ಎಂದು ಕೇಳಿ.

ಎಸಿ ಹಾಕಿದ ಕೂಡಲೇ ಒದ್ದೆ ಸಾಕ್ಸ್ ವಾಸನೆ ಬರುತ್ತದಾ? ರಾತ್ರಿಯ ನೀರು ಕಾಯಿಲ್ ಮೇಲೇ ಉಳಿದು ಬೂಷ್ಟು ಬಂದಿದೆ. ಒಮ್ಮೆ ಚೆನ್ನಾಗಿ ಸರ್ವೀಸ್ ಮಾಡಿಸಿ. ಆಮೇಲೆ ದಿನಾ ಬೆಳಿಗ್ಗೆ ಆರಿಸುವ ಮೊದಲು ಹದಿನೈದು ಇಪ್ಪತ್ತು ನಿಮಿಷ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ಕಾಯಿಲ್ ಒಣಗುತ್ತದೆ. ಆ ತೇವ ರೂಮಿಗೇ ಬರುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ನೀವು ಎದ್ದಿರುತ್ತೀರಲ್ಲ.

ಕೊನೆಗೆ ಆ ಬಕೆಟ್ ನೀರು. ನೋಡಲು ತಿಳಿಯಾಗಿರುತ್ತದೆ, ಆದರೆ ಕುಡಿಯಬಾರದು. ಕಾಯಿಲ್ಲಿನ ಧೂಳು, ಪಾಚಿ ಎಲ್ಲ ತೊಳೆದುಕೊಂಡು ಬಂದ ನೀರು ಅದು. ಇನ್ವರ್ಟರ್ ಬ್ಯಾಟರಿಗೆ ಹಾಕಿ ದುಡ್ಡು ಉಳಿಸುತ್ತೇನೆ ಎನ್ನುವವರನ್ನು ನೋಡಿದ್ದೇನೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರೇ ಬೇಕು, ಇದರಲ್ಲಿ ಲೋಹದ ಅಂಶ ಸೇರಿರುತ್ತದೆ. ನೆಲ ಒರೆಸಿ, ಬೈಕ್ ತೊಳೆಯಿರಿ, ಕಮೋಡಿಗೆ ಸುರಿಯಿರಿ. ನಮ್ಮ ಮನೆಯಲ್ಲಿ ಅದು ಅಂಗಳದ ಮಲ್ಲಿಗೆ ಗಿಡಕ್ಕೆ ಹೋಗುತ್ತದೆ. ಬೆಳಿಗ್ಗೆ ಅಮ್ಮ ಬಕೆಟ್ ಎತ್ತುವಾಗ ಮುಖ ನೋಡಿದರೆ ಸಾಕು, ರಾತ್ರಿ ನಿದ್ದೆ ಹೇಗಾಯಿತು ಎಂದು ನಾನು ಕೇಳುವುದಿಲ್ಲ.